ಒಂದು ಹಾವಸೆಗೆ ಕಾಯಿ ಬರುತ್ತದೆ, ಪಕ್ಕದ್ದಕ್ಕೆ ಬರುವುದಿಲ್ಲ: ಕಾರಣವೇನು?

ಪ್ರಶ್ನೆ: ಮನೆಯ ಹಿಂಗೋಡೆಯ ಬುಡದಲ್ಲಿ ಬೆಳೆದಿರುವ ಹಾವಸೆಯಿಂದ ಪ್ರತಿವರ್ಷವೂ ಕೂದಲೆಳೆಯಂಥ ಕಡ್ಡಿಗಳು ಎದ್ದು, ಅವುಗಳ ತುದಿಯಲ್ಲಿ ಪುಟ್ಟ ಕಾಯಿಗಳು ಬಾಗಿ ನಿಲ್ಲುತ್ತವೆ. ಅಲ್ಲಿಂದ ಹತ್ತೇ ಹೆಜ್ಜೆ ದೂರದ ಕಲ್ಲುಹಾಸಿನ ಸಂದುಗಳಲ್ಲಿ ಹಾವಸೆ ಇನ್ನೂ ದಟ್ಟವಾಗಿ ಹಬ್ಬಿದೆ. ಆದರೆ ಆರು ವರ್ಷಗಳಲ್ಲಿ ಅದರಲ್ಲಿ ಒಂದು ಕಾಯಿಯನ್ನೂ ನಾನು ಕಂಡಿಲ್ಲ. ಗಿಡ ಚೆನ್ನಾಗಿ ಬೆಳೆಯುತ್ತಿದ್ದರೂ ಸಂತಾನೋತ್ಪತ್ತಿ ಮಾತ್ರ ನಿಂತುಹೋಗುವಂತೆ ಸುತ್ತಲಿನ ಪರಿಸರ ಮಾಡಬಲ್ಲದೆ?

ಉತ್ತರ: ಮಾಡಬಲ್ಲದು. ಹಾವಸೆಗೆ ಬೆಳೆಯಲು ಸಾಕಾಗುವ ಪರಿಸರವೇ ಬೇರೆ, ಕಾಯಿ ಕಟ್ಟಲು ಬೇಕಾದ ಪರಿಸರವೇ ಬೇರೆ. ಎರಡನೆಯದು ಎಷ್ಟೋ ಹೆಚ್ಚು ಕಟ್ಟುನಿಟ್ಟಿನದು, ಮೇಲಾಗಿ ಅದು ಒಂದೇ ಷರತ್ತಲ್ಲ; ಒಂದರ ಹಿಂದೊಂದು ಬರುವ ಹಲವು ಷರತ್ತುಗಳ ಸರಪಳಿ. ಆದ್ದರಿಂದ ಕಾಯಿ ಬಾರದ ಹಾವಸೆಯನ್ನು ಕಂಡಾಗ ಅದಕ್ಕೆ ರೋಗ ತಗುಲಿದೆಯೆ ಎಂದು ಕೇಳುವುದಕ್ಕಿಂತ, ಸರಪಳಿಯ ಯಾವ ಕೊಂಡಿ ಅಲ್ಲಿ ಕಳಚಿದೆ ಎಂದು ಹುಡುಕುವುದು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಎರಡು ಹೆಸರುಗಳನ್ನು ಸರಿಪಡಿಸಿಕೊಳ್ಳೋಣ. ಹಸಿರಾಗಿ ಹಬ್ಬಿದ್ದೆಲ್ಲವನ್ನೂ ನಾವು ಪಾಚಿ ಎಂದು ಕರೆದುಬಿಡುತ್ತೇವೆ. ಆದರೆ ನೀರಿನಲ್ಲಿ ಲೋಳೆಯಾಗಿ ತೇಲುವ ಪಾಚಿ ಬೇರೆ, ಪುಟ್ಟ ಕಾಂಡ ಮತ್ತು ಎಲೆಗಳಿರುವ ಹಾವಸೆ ಬೇರೆ. ನೀವು ಹಾವಸೆ ಎಂದೇ ಬರೆದಿರುವುದು ಸಂತೋಷದ ವಿಷಯ. ಇನ್ನು ನೀವು ಕಾಯಿ ಎಂದದ್ದು ನಿಜವಾದ ಕಾಯಿಯಲ್ಲ, ಏಕೆಂದರೆ ಹಾವಸೆಗೆ ಹೂವೂ ಇಲ್ಲ, ಬೀಜವೂ ಇಲ್ಲ. ಎಲೆಗಳಿರುವ ಹಸಿರು ಗಿಡ ಒಂದು ಪೀಳಿಗೆ. ಅದರ ಜೀವಕೋಶಗಳಲ್ಲಿ ವರ್ಣತಂತುಗಳು (ಕ್ರೋಮೋಸೋಮ್‌ಗಳು) ಜೋಡಿಯಾಗಿರದೆ ಒಂಟಿಯಾಗಿರುತ್ತವೆ, ವೀರ್ಯಾಣು ಮತ್ತು ಅಂಡಾಣುಗಳನ್ನು ತಯಾರಿಸುವುದು ಅದೇ. ಅವೆರಡೂ ಕೂಡಿದಾಗ ಹುಟ್ಟುವ ಮುಂದಿನ ಪೀಳಿಗೆಯೇ ಆ ಕಡ್ಡಿ ಮತ್ತು ಅದರ ತುದಿಯ ಬೀಜಕಧಾನಿ, ಅಂದರೆ ಹೊಸ ಗಿಡವಾಗಬಲ್ಲ ಬೀಜಕಗಳೆಂಬ ಪುಡಿಯಂಥ ಕಣಗಳ ಚೀಲ; ನೀವು ಕಾಯಿ ಎಂದದ್ದು ಇದನ್ನೇ. ಈ ಮಗು ನೆಲಕ್ಕೆ ಇಳಿಯುವುದೇ ಇಲ್ಲ. ತಾಯಿಯ ನೆತ್ತಿಯ ಮೇಲೆ ಕಾಲೂರಿ, ತಾಯಿಯಿಂದಲೇ ನೀರು ಮತ್ತು ಆಹಾರ ಪಡೆದು, ಬೀಜಕಗಳನ್ನು ಚೆಲ್ಲಿ ಅಲ್ಲಿಯೇ ಒಣಗುತ್ತದೆ. ಲಿನೇಯಸ್‌ನಂಥ ಸಸ್ಯವಿಜ್ಞಾನಿಯೇ ಬೀಜಕಧಾನಿಯನ್ನು ಹೂವಿನ ಪರಾಗಕೋಶವೆಂದು ಭಾವಿಸಿದ್ದ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಯೋಹಾನ್ನೆಸ್ ಹೆಡ್ವಿಗ್ ಹಾವಸೆಯ ಲಿಂಗಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ ವಿವರಿಸಿದ, 1851ರಲ್ಲಿ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಎರಡು ಪೀಳಿಗೆಗಳು ಸರದಿಯಂತೆ ಬರುವುದನ್ನು ತೋರಿಸಿಕೊಟ್ಟ.

ಈಗ ನೀರಿನ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಕಲ್ಲುಹಾಸಿನ ಗುಟ್ಟು ಬಹುಮಟ್ಟಿಗೆ ಇಲ್ಲಿಯೇ ಇರುವಂತಿದೆ. ಹಾವಸೆಯ ವೀರ್ಯಾಣುವಿಗೆ ಎರಡು ಬಾಲಗಳಿವೆ. ಅದು ಅಂಡಾಣುವಿನ ಬಳಿಗೆ ಈಜಿಕೊಂಡೇ ಹೋಗಬೇಕು. ಹೂಬಿಡುವ ಸಸ್ಯಗಳ ಪರಾಗದ ಹಾಗೆ ಒಣಗಾಳಿಯಲ್ಲಿ ಹಾರಿಹೋಗುವ ಅನುಕೂಲ ಅದಕ್ಕಿಲ್ಲ. ಎಲೆಯಿಂದ ಎಲೆಗೆ, ಕಾಂಡದಿಂದ ಕಾಂಡಕ್ಕೆ ನೀರಿನ ಪೊರೆ ಕಡಿಯದೆ ಹರಡಿಕೊಂಡಿರುವಷ್ಟು ಹೊತ್ತು ಮಾತ್ರ ಅದಕ್ಕೆ ದಾರಿಯುಂಟು, ಆ ದಾರಿಯೂ ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್ ಉದ್ದದ್ದು. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು: ಪ್ರಪಂಚದಲ್ಲಿ ಸುಮಾರು 12,000 ಜಾತಿಯ ಹಾವಸೆಗಳಿವೆ ಎಂದು ಲೆಕ್ಕ ಹಾಕಲಾಗಿದೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹೆಣ್ಣಿನಿಂದ ಒಂದು ಗೇಣು ದೂರದಲ್ಲಿ ಗಂಡು ಇದ್ದರೂ ನಡುವೆ ಒಣಗಿದ ಕಲ್ಲೊಂದು ಅಡ್ಡ ಬಂದರೆ ಅವೆರಡಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆ.

ಪಾಲಿಟ್ರೈಕಮ್ ಎಂಬ ಎತ್ತರದ ಹಾವಸೆ ಈ ತೊಡಕನ್ನು ಹೇಗೆ ದಾಟುತ್ತದೆಂಬುದನ್ನು ಒಂದು ಭೂತಗನ್ನಡಿ ಮತ್ತು ಒಂದು ಪಿಪೆಟ್ ಇದ್ದರೆ ಯಾರು ಬೇಕಾದರೂ ನೋಡಬಹುದು. ಅದರ ಗಂಡು ಗಿಡದ ತುದಿಯಲ್ಲಿ ಎಲೆಗಳು ಬಟ್ಟಲಿನಂತೆ ಅರಳಿ, ಕೆಂಪು ಛಾಯೆಯ ಹೂವಿನಂತೆ ಕಾಣುತ್ತವೆ. ಒಂದಡಿ ಎತ್ತರದಿಂದ ನೀರಿನ ಹನಿಯನ್ನು ಆ ಬಟ್ಟಲಿಗೆ ಬೀಳಿಸಿದರೆ, ಹನಿ ಬಟ್ಟಲಿನ ಓರೆಯಾದ ಗೋಡೆಗೆ ಬಡಿದು ಒಡೆದು, ಸಣ್ಣ ತುಂತುರುಗಳಾಗಿ ಸುತ್ತಲೂ ಚಿಮ್ಮುತ್ತದೆ. ಕೆಳಗೆ ಬಿಳಿಯ ಕಾಗದ ಹಾಸಿದ್ದರೆ ಆ ತುಂತುರು ಎಷ್ಟು ದೂರ ಹೋಯಿತೆಂಬುದನ್ನು ಅಳತೆಪಟ್ಟಿ ಹಿಡಿದೇ ಅಳೆಯಬಹುದು. ಮಳೆಯಲ್ಲಿ ವೀರ್ಯಾಣುಗಳನ್ನು ಹೊತ್ತು ಹೆಣ್ಣು ಗಿಡದ ಮೇಲೆ ಬೀಳುವುದು ಇದೇ ತುಂತುರು. ಜಿನುಗುವ ಸೋನೆಯಿಂದ ಈ ಕೆಲಸ ಅಷ್ಟಾಗಿ ನಡೆಯುವುದಿಲ್ಲ; ಹನಿ ದಪ್ಪವಾಗಿರಬೇಕು, ನೇರವಾಗಿ ಬೀಳಬೇಕು. ಎಷ್ಟು ಮಳೆ ಬಂತು ಎಂಬುದರ ಜೊತೆಗೆ ಮಳೆ ಹೇಗೆ ಬಂತು ಎಂಬುದೂ ಹೀಗೆ ಲೆಕ್ಕಕ್ಕೆ ಬರುತ್ತದೆ.

ನೀರೊಂದೇ ವಾಹಕ ಎಂದು ಬಹುಕಾಲ ನಂಬಲಾಗಿತ್ತು. 2006ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಸರಳ ಪ್ರಯೋಗವೊಂದು ಆ ನಂಬಿಕೆಯನ್ನು ತಿದ್ದಿತು. ಬ್ರಯಮ್ ಆರ್ಜೆಂಟಿಯಮ್ ಎಂಬ ಹಾವಸೆಯ ಗಂಡು ಮತ್ತು ಹೆಣ್ಣು ತುಣುಕುಗಳನ್ನು ಅವರು ನೀರು ಹೀರುವ ಜಿಪ್ಸಮ್ ಹಾಸಿನ ಮೇಲೆ, ಕೆಲವನ್ನು ಒಂದಕ್ಕೊಂದು ತಾಗಿಸಿ, ಕೆಲವನ್ನು 2 ಸೆಂ.ಮೀ. ಮತ್ತು 4 ಸೆಂ.ಮೀ. ಅಂತರದಲ್ಲಿ ಇಟ್ಟರು. ಯಾವ ಪ್ರಾಣಿಯೂ ಇಲ್ಲದಿದ್ದಾಗ ತಾಗಿಸಿಟ್ಟ ಗಿಡಗಳಲ್ಲಿ ಮಾತ್ರ ಬೀಜಕಧಾನಿಗಳು ಬಂದವು. ಸ್ಪ್ರಿಂಗ್‌ಟೇಲ್ ಎಂಬ, ಬಾಲ ಮೀಟಿ ಜಿಗಿಯುವ ಸೂಕ್ಷ್ಮ ಜೀವಿಗಳನ್ನೂ ನುಸಿಗಳನ್ನೂ ಬಿಟ್ಟಾಗ ದೂರದಲ್ಲಿಟ್ಟ ಗಿಡಗಳಲ್ಲಿಯೂ ಅವು ಕಾಣಿಸಿಕೊಂಡವು. 2012ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ಸೆರಟೊಡಾನ್ ಪರ್ಪ್ಯೂರಿಯಸ್ ಎಂಬ ಇನ್ನೊಂದು ಹಾವಸೆಯನ್ನು ಪರೀಕ್ಷಿಸಿ, ಅದರ ಗಂಡು ಹೆಣ್ಣುಗಳ ಗಂಧ ಒಂದೇ ಅಲ್ಲವೆಂದೂ ಸ್ಪ್ರಿಂಗ್‌ಟೇಲ್‌ಗಳು ಹೆಣ್ಣಿನ ಗಂಧದತ್ತ ಹೆಚ್ಚಾಗಿ ಸರಿಯುತ್ತವೆಂದೂ ತೋರಿಸಿದರು. ಹೂವು ಮತ್ತು ಜೇನಿನ ನಡುವಣ ನಂಟನ್ನು ನೆನಪಿಸುವ ಈ ವ್ಯವಹಾರ ಹೂವೇ ಇಲ್ಲದ ಗಿಡದಲ್ಲಿ ನಡೆಯುತ್ತದೆಂಬುದು ನನಗೆ ಇಂದಿಗೂ ಬೆರಗು ತರಿಸುತ್ತದೆ. ಹಾವಸೆಯ ಕೆಳಗಿನ ಮಣ್ಣಿನಲ್ಲಿ ಇಂಥ ಸಣ್ಣ ಜೀವಿಗಳು ಬದುಕಿವೆಯೇ ಇಲ್ಲವೇ ಎಂಬುದೂ ಹಾಗಾಗಿ ಪರಿಸರದ ಪ್ರಶ್ನೆಯೇ ಆಗುತ್ತದೆ.

ಕಲ್ಲುಹಾಸಿನ ಸಂದುಗಳಲ್ಲಿ ಬೆಳೆಯುವ, ತುದಿಯಲ್ಲಿ ಬೆಳ್ಳಿಯ ಹೊಳಪಿರುವ ಹಾವಸೆ ಸಾಮಾನ್ಯವಾಗಿ ಇದೇ ಬ್ರಯಮ್ ಆರ್ಜೆಂಟಿಯಮ್ ಆಗಿರುತ್ತದೆ. ಅದು ಗಂಡು ಹೆಣ್ಣು ಬೇರೆಯಾಗಿರುವ ಜಾತಿ, ಆದರೆ ತುಳಿತಕ್ಕೆ ಮುರಿದ ಚೂರುಗಳಿಂದ, ಉದುರಿದ ಪುಟ್ಟ ಮೊಗ್ಗುಗಳಿಂದ ಸಲೀಸಾಗಿ ಹಬ್ಬಿಕೊಳ್ಳುತ್ತದೆ. ಕಾಲಿನ ಓಡಾಟವೇ ಅದನ್ನು ಸಂದಿನಿಂದ ಸಂದಿಗೆ ಬಿತ್ತುತ್ತದೆ ಎನ್ನಬಹುದು. ಹೀಗೆ ಒಂದೇ ತಾಯಿಗಿಡದ ಚೂರುಗಳಿಂದ ಇಡೀ ಹಾಸು ತುಂಬಿದ್ದರೆ, ಅಲ್ಲಿರುವುದೆಲ್ಲವೂ ಹೆಣ್ಣೇ ಅಥವಾ ಎಲ್ಲವೂ ಗಂಡೇ ಆಗಿರುವ ಸಂಭವ ಹೆಚ್ಚು; ಆಗ ಎಷ್ಟು ಮಳೆ ಬಂದರೂ ಕಾಯಿ ಬರುವಂತಿಲ್ಲ. ಗೋಡೆಯ ಬುಡದ್ದು ಒಂದೇ ಗಿಡದಲ್ಲಿ ಎರಡೂ ಲಿಂಗಾಂಗಗಳಿರುವ ಫ್ಯುನೇರಿಯಾದಂಥ ಜಾತಿಯಾಗಿರಬಹುದು. ಅಂಥವುಗಳಲ್ಲಿ ಬೀಜಕಧಾನಿಗಳು ಸಾಮಾನ್ಯವಾಗಿ ತಪ್ಪದೆ ಬರುತ್ತವೆ. ಕಾಯಿಗಳು ಬಾಗಿವೆ ಎಂದು ನೀವು ಬರೆದಿರುವುದು ಆ ಊಹೆಗೆ ಹೊಂದುತ್ತದೆಯಾದರೂ ಗಿಡವನ್ನು ನೋಡದೆ ಹೆಸರು ಹೇಳುವುದು ಸರಿಯಲ್ಲ. ಎರಡನ್ನೂ ಭೂತಗನ್ನಡಿಯಲ್ಲಿ ನೋಡಿ, ಎಲೆಯ ಆಕಾರ ಮತ್ತು ತುದಿಯ ಬಣ್ಣ ಒಂದೇ ಆಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಗಂಡು ಹೆಣ್ಣು ಎರಡೂ ಜೊತೆಗಿದ್ದು, ನೀರೂ ಇದ್ದರೂ ಲಿಂಗಾಂಗಗಳು ಮೂಡದೇ ಹೋಗುವುದುಂಟು. ಫಿಸ್ಕೊಮಿಟ್ರಿಯಮ್ ಪೇಟೆನ್ಸ್ ಎಂಬ ಪುಟ್ಟ ಹಾವಸೆಯ ತಳಿವಿನ್ಯಾಸವನ್ನು (ಜೀನೋಮ್) 2008ರಲ್ಲಿ ಓದಿ ಪ್ರಕಟಿಸಲಾಯಿತು; ಅದು ಪ್ರಯೋಗಾಲಯಗಳಲ್ಲಿ ಮನೆಮಾತಾಗಿದೆ. 25 ಡಿಗ್ರಿ ಸೆಲ್ಸಿಯಸ್ ಶಾಖ, ದಿನಕ್ಕೆ 16 ಗಂಟೆಗಳ ಬೆಳಕು ಕೊಟ್ಟರೆ ಅದು ಹಸಿರಾಗಿ ಬೆಳೆಯುತ್ತಲೇ ಇರುತ್ತದೆ, ಲಿಂಗಾಂಗಗಳ ಸುಳಿವೂ ಇರುವುದಿಲ್ಲ. ಶಾಖವನ್ನು ಸುಮಾರು 15 ಡಿಗ್ರಿಗೆ ಇಳಿಸಿ, ಬೆಳಕನ್ನು 8 ಗಂಟೆಗೆ ಮೊಟಕುಗೊಳಿಸಿದರೆ ಕೆಲವು ವಾರಗಳಲ್ಲಿ ಅವು ಮೂಡುತ್ತವೆ. ಈ ಸಸ್ಯದ ತವರು ಕೆರೆಕೊಳಗಳ ಅಂಚಿನ ಕೆಸರು. ಬೇಸಗೆಯ ಕೊನೆಯಲ್ಲಿ ನೀರು ಇಳಿದಾಗ ಮೇಲೆದ್ದು, ಮುಂದಿನ ಪ್ರವಾಹ ಬರುವುದರೊಳಗೆ ಬೀಜಕ ಮಾಡಿಬಿಡಬೇಕು. ಹಗಲು ಕಿರಿದಾಗಿ ತಂಪೇರಿತೆಂಬುದೇ ಅದಕ್ಕೆ ಕಾಲ ಬಂದಿದೆಯೆಂಬ ಸೂಚನೆ. ಎಲ್ಲ ಹಾವಸೆಗಳೂ ಇದೇ ಸೂಚನೆಗೆ ಕಾಯುವುದಿಲ್ಲ. ಒಂದೊಂದು ಜಾತಿ ತನ್ನ ನೆಲೆಗೆ ತಕ್ಕ ಶಾಖ, ಬೆಳಕು, ತೇವಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ.

ಗಿಡಗಳು ಎಷ್ಟು ಒತ್ತೊತ್ತಾಗಿವೆ ಎಂಬುದೂ ಮುಖ್ಯವೇ. ಕೊಳೆತ ಮರದ ಬುಡ್ಡೆಗಳ ಮೇಲೆ ಬೆಳೆಯುವ ಟೆಟ್ರಾಫಿಸ್ ಪೆಲ್ಯುಸಿಡಾ ಜಾಗ ಖಾಲಿಯಿರುವಾಗ ತುದಿಯಲ್ಲಿ ಪುಟ್ಟ ಬಟ್ಟಲು ಮಾಡಿ, ಅದರಲ್ಲಿ ಜೆಮ್ಮಾ ಎಂಬ ಹಸಿರು ಕಣಗಳನ್ನು ತುಂಬಿಡುತ್ತದೆ. ಮಳೆಹನಿ ಬಿದ್ದಾಗ ಅವು ಸಿಡಿದು, ಬಿದ್ದಲ್ಲಿ ಅದೇ ಗಿಡದ ಪ್ರತಿಗಳಾಗಿ ಬೆಳೆಯುತ್ತವೆ. ಗಿಡಗಳು ಕಿಕ್ಕಿರಿದ ಮೇಲೆ ಅದೇ ಹಾವಸೆ ಲೈಂಗಿಕ ಸಂತಾನೋತ್ಪತ್ತಿಯ ಕಡೆಗೆ ಹೊರಳುತ್ತದೆ. ಹತ್ತಿರದಲ್ಲಿ ಜಾಗವಿದ್ದಾಗ ದಪ್ಪ ಕಣ, ಜಾಗ ಮುಗಿದಾಗ ಗಾಳಿಯಲ್ಲಿ ದೂರ ಹೋಗಬಲ್ಲ ಬೀಜಕ ಎಂಬ ಈ ಏರ್ಪಾಟು ತುಂಬ ಅರ್ಥಪೂರ್ಣವಾದದ್ದು.

ವೀರ್ಯಾಣು ಅಂಡಾಣುವನ್ನು ಕೂಡಿ ನಿಷೇಚನವಾದ ಮೇಲೂ ಅಪಾಯ ಕಳೆಯುವುದಿಲ್ಲ. ಮೊಳೆತ ಭ್ರೂಣ ಬೀಜಕ ಚೆಲ್ಲುವ ಹಂತಕ್ಕೆ ಬರಲು ಹಲವು ತಿಂಗಳು, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟು ದಿನವೂ ತಾಯಿಗಿಡ ಅದನ್ನು ಸಾಕಬೇಕು. ಮಳೆ ಹೆಚ್ಚಿದಷ್ಟೂ ಒಳ್ಳೆಯದೆಂದು ನಾವು ಎಣಿಸುತ್ತೇವೆ, ಆದರೆ ಅಮೆರಿಕದ ಮೊಹಾವಿ ಮರುಭೂಮಿಯ ಗ್ರಿಮ್ಮಿಯಾ ಆರ್ಬಿಕ್ಯುಲಾರಿಸ್ ಎಂಬ ಹಾವಸೆ ಇದಕ್ಕೆ ವಿರುದ್ಧವಾದುದನ್ನು ತೋರಿಸಿಕೊಟ್ಟಿದೆ: ಅಲ್ಲಿ ಬೇಸಗೆಯ ಮಳೆಗಳ ನಂತರ ಎಳೆಯ ಬೀಜಕಧಾನಿಗಳು ಸಾಲುಸಾಲಾಗಿ ಸತ್ತುಹೋದದ್ದು ಕಂಡುಬಂತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಣಗಿ ನಿದ್ರಿಸುತ್ತಿದ್ದ ಹಾವಸೆಗೆ ನೀರು ಬಿದ್ದರೆ ಅದು ಎಚ್ಚೆತ್ತು, ಒಣಗಿದ್ದಾಗ ಆದ ಹಾನಿಯನ್ನು ಸರಿಪಡಿಸಿಕೊಳ್ಳಲು ಮೊದಲು ಕೂಡಿಟ್ಟ ಆಹಾರವನ್ನು ಖರ್ಚು ಮಾಡುತ್ತದೆ; ಆಮೇಲಷ್ಟೇ ದ್ಯುತಿಸಂಶ್ಲೇಷಣೆಯಿಂದ ಗಳಿಕೆ ಶುರುವಾಗುತ್ತದೆ. ಬಿರುಬಿಸಿಲಿನಲ್ಲಿ ಬೇಗನೆ ಮತ್ತೆ ಒಣಗಿದರೆ ಖರ್ಚು ಉಳಿಯುತ್ತದೆ, ಗಳಿಕೆ ಇರುವುದಿಲ್ಲ. ಚಳಿಗಾಲದಲ್ಲಿ ಬಿದ್ದು ದಿನಗಟ್ಟಲೆ ತೇವ ಉಳಿಸುವ ಮಳೆಗೂ ಕಾದ ಬಂಡೆಯ ಮೇಲೆ ಬಿದ್ದು ಆರಿಹೋಗುವ ಮಳೆಗೂ ಇರುವ ಈ ವ್ಯತ್ಯಾಸವನ್ನು ಮಳೆಮಾಪಕ ತೋರಿಸದು.

ಎಳೆಯ ಬೀಜಕಧಾನಿಯ ತಲೆಯ ಮೇಲೆ ತೆಳುವಾದ ಟೊಪ್ಪಿಗೆಯೊಂದನ್ನು ನೀವು ಗಮನಿಸಿರಬಹುದು. ಕೂಸಿಗೆ ತಾಯಿ ಹೊಲಿದ ಕುಲಾವಿಯೆಂದರೆ ಇದೇ, ಏಕೆಂದರೆ ಅದು ನಿಜಕ್ಕೂ ತಾಯಿಗಿಡದ ಅಂಗಾಂಶ. ಫ್ಯುನೇರಿಯಾದಲ್ಲಿ ಈ ಟೊಪ್ಪಿಗೆಯ ಹೊರಮೈಗೆ ದಪ್ಪನೆಯ ಮೇಣದ ಲೇಪವಿದೆ. ಆ ಲೇಪವನ್ನು ತೆಗೆದು ಒಣಗಾಳಿಗೆ ಒಡ್ಡಿದ ಪ್ರಯೋಗದಲ್ಲಿ ಹೆಚ್ಚು ಕೂಸುಗಳು ಸತ್ತವು, ಉಳಿದವುಗಳಲ್ಲಿ ಬೀಜಕಗಳು ಕಡಿಮೆಯಾದವು.

ಬೀಜಕ ಬಲಿತ ಮೇಲೆ ನೀರಿನ ಪಾತ್ರ ತಿರುವುಮುರುವಾಗುತ್ತದೆ. ಈಗ ಬೇಕಾದದ್ದು ಒಣಹವೆ. ಬಹುಪಾಲು ಹಾವಸೆಗಳ ಬೀಜಕಧಾನಿಯ ಬಾಯಿಯ ಸುತ್ತ ಹಲ್ಲುಗಳ ಸಾಲಿದೆ, ಫ್ಯುನೇರಿಯಾದಲ್ಲಿ ಹೊರಸಾಲಿನಲ್ಲಿಯೇ 16. ಮುಚ್ಚಳ ಕಳಚಿದ ಒಂದು ಬೀಜಕಧಾನಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಮೆಲ್ಲಗೆ ಬಾಯಿಯ ಉಸಿರು ಬಿಟ್ಟು ನೋಡಿ: ಉಸಿರಿನ ತೇವಕ್ಕೆ ಹಲ್ಲುಗಳು ಅಲುಗಿ ಜಾಗ ಬದಲಿಸುತ್ತವೆ, ತೇವ ಆರಿದಂತೆ ಮತ್ತೆ ಹಿಂದಿನ ಸ್ಥಿತಿಗೆ ಮರಳುತ್ತವೆ. ಗಾಳಿಯಲ್ಲಿ ತೇಲಿಹೋಗಲು ಅನುಕೂಲವಿರುವ ಹೊತ್ತಿಗೆ ಬೀಜಕಗಳು ಸ್ವಲ್ಪಸ್ವಲ್ಪವಾಗಿ ಹೊರಬೀಳುವುದು ಹೀಗೆ. ಜೌಗು ನೆಲದ ಸ್ಫ್ಯಾಗ್ನಮ್‌ಗೆ ಹಲ್ಲುಗಳಿಲ್ಲ. ಬಿಸಿಲಿಗೆ ಒಣಗುತ್ತ ಅದರ ದುಂಡನೆಯ ಬೀಜಕಧಾನಿ ಉರುಳೆಯಂತೆ ಸಂಕುಚಿಸಿ, ಒಳಗಿನ ಗಾಳಿಯ ಒತ್ತಡಕ್ಕೆ ಮುಚ್ಚಳ ಹಾರಿ, ಬೀಜಕಗಳು 10 ಸೆಂ.ಮೀ.ಗೂ ಹೆಚ್ಚು ಎತ್ತರಕ್ಕೆ ಸುಳಿಗಾಳಿಯ ಉಂಗುರದಲ್ಲಿ ಎಸೆಯಲ್ಪಡುತ್ತವೆ ಎಂಬುದನ್ನು 2010ರಲ್ಲಿ ಅತಿವೇಗದ ಕ್ಯಾಮೆರಾಗಳಿಂದ ಸೆರೆಹಿಡಿಯಲಾಯಿತು. ಸಗಣಿಯ ಮೇಲೆಯೇ ಬೆಳೆಯುವ ಸ್ಪ್ಲಾಕ್ನಮ್ ಗಾಳಿಯನ್ನು ನೆಚ್ಚದೆ, ಬಣ್ಣ ಮತ್ತು ವಾಸನೆಯಿಂದ ನೊಣಗಳನ್ನು ಕರೆದು, ಅಂಟು ಬೀಜಕಗಳನ್ನು ಅವುಗಳ ಮೈಗೆ ಮೆತ್ತಿ ಹೊಸ ಸಗಣಿಗೆ ಕಳುಹಿಸುತ್ತದೆ.

ಪ್ರಶ್ನೆ: ಪರಿಸರ ಬದಲಾದರೆ ಹೆಣ್ಣು ಹಾವಸೆ ಗಂಡಾಗಬಹುದೆ? ಕೆಲವು ಕಡೆ ಹೆಣ್ಣು ಗಿಡಗಳೇ ಹೆಚ್ಚಾಗಿರುತ್ತವೆ ಎಂದು ಓದಿದ್ದೇನೆ.

ಉತ್ತರ: ಗಂಡು ಹೆಣ್ಣು ಬೇರೆಯಾಗಿರುವ ಜಾತಿಗಳಲ್ಲಿ ಲಿಂಗವನ್ನು ಸಾಮಾನ್ಯವಾಗಿ ವರ್ಣತಂತುಗಳು ನಿರ್ಧರಿಸುತ್ತವೆ, ಬೀಜಕ ಹುಟ್ಟುವಾಗಲೇ ಅದು ತೀರ್ಮಾನವಾಗಿರುತ್ತದೆ, ಲೆಕ್ಕದ ಪ್ರಕಾರ ಅರ್ಧ ಗಂಡು, ಅರ್ಧ ಹೆಣ್ಣು. ಹೀಗಿದ್ದರೂ ನೆಲದಲ್ಲಿ ಕಾಣುವ ಪ್ರಮಾಣ ಬಹಳಷ್ಟು ಕಡೆ ಹೆಣ್ಣಿನತ್ತ ವಾಲಿರುವುದು ನಿಜ. ಗಿಡ ಯಾವ ಲಿಂಗದ್ದು ಎಂಬುದು ಒಂದು ಮಾತು, ಅದು ತನ್ನ ಲಿಂಗಾಂಗಗಳನ್ನು ಹೊರತೋರುತ್ತದೆಯೇ ಎಂಬುದು ಇನ್ನೊಂದು ಮಾತು. ಪರಿಸರದ ಕೈ ಮುಖ್ಯವಾಗಿ ಆಡುವುದು ಎರಡನೆಯದರಲ್ಲಿ, ಜೊತೆಗೆ ಯಾವ ಲಿಂಗದ ಗಿಡ ಎಲ್ಲಿ ಬದುಕಿ ಉಳಿಯುತ್ತದೆ ಎಂಬುದರಲ್ಲಿ. ಮೊಹಾವಿಯ ಸಿಂಟ್ರಿಕಿಯಾ ಕ್ಯಾನಿನರ್ವಿಸ್ ಎಂಬ ಹಾವಸೆಯಲ್ಲಿ ಬಹುಪಾಲು ಗಿಡಗಳು ಯಾವ ಲಿಂಗಾಂಗವನ್ನೂ ತೋರುವುದಿಲ್ಲ. ತೋರುವವುಗಳಲ್ಲಿ ಹೆಣ್ಣುಗಳೇ ಹೆಚ್ಚು, ಬಯಲಿನಲ್ಲಿಯೂ ಅವು ಸಿಗುತ್ತವೆ, ಗಂಡುಗಳು ಕಾಣುವುದು ಪೊದೆಗಳ ನೆರಳಿನಲ್ಲಿ. ಗಂಡು ಅಂಗಗಳು ಬಲಿಯಲು ಹೆಣ್ಣು ಅಂಗಗಳಿಗಿಂತ ಹೆಚ್ಚು ಕಾಲ ಬೇಕು, ಆ ಕಾಲದುದ್ದಕ್ಕೂ ತೇವ ಮತ್ತು ಆಹಾರ ಸಿಗಬೇಕು. ಬಿಸಿಲಿನ ಬಯಲಿನಲ್ಲಿ ಅದು ಸುಲಭವಲ್ಲ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಗಂಡೇ ಇಲ್ಲದ ಕಡೆ ಹೆಣ್ಣು ಎಷ್ಟು ಸಜ್ಜಾದರೂ ವ್ಯರ್ಥ.

ಲಿಂಗ ಬದಲಾಗದಿದ್ದರೂ ಗಾತ್ರ ಬದಲಾಗುವ ಸೋಜಿಗವೊಂದಿದೆ. ಡೈಕ್ರೇನಮ್ ಕುಲದ ಕೆಲವು ಹಾವಸೆಗಳಲ್ಲಿ ಗಂಡು ಬೀಜಕ ಮಣ್ಣಿಗೆ ಬಿದ್ದರೆ ಪೂರ್ಣ ಗಾತ್ರಕ್ಕೆ ಬೆಳೆಯಬಲ್ಲದು. ಅದೇ ಬೀಜಕ ಹೆಣ್ಣು ಗಿಡದ ಮೈಮೇಲೆ ಬಿದ್ದರೆ ಕೆಲವೇ ಎಲೆಗಳ ಕುಬ್ಜ ಗಂಡಾಗಿ ಅಲ್ಲಿಯೇ ನೆಲೆಸುತ್ತದೆ. ಅಲ್ಲಿಂದ ವೀರ್ಯಾಣು ಕ್ರಮಿಸಬೇಕಾದ ದೂರ ಮಿಲಿಮೀಟರುಗಳಲ್ಲಿ ಮುಗಿಯುತ್ತದೆ.

ಪ್ರಶ್ನೆ: ಹಾಗಾದರೆ ಬೀಜಕವನ್ನೇ ಬಿಡದ ಹಾವಸೆ ಕಾಲಕ್ರಮೇಣ ಅಳಿದುಹೋಗುತ್ತದೆಯೆ?

ಉತ್ತರ: ಬೇಗನೆ ಅಳಿಯುವುದಿಲ್ಲ. ಹಾವಸೆಯ ಎಲೆಯ ಚೂರಿನಿಂದಲೂ ಕಾಂಡದ ತುಂಡಿನಿಂದಲೂ ಇಡೀ ಗಿಡ ಮತ್ತೆ ಹುಟ್ಟಬಲ್ಲದು. ಅಂಟಾರ್ಕ್ಟಿಕ್ ವಲಯದ ಸಿಗ್ನಿ ದ್ವೀಪದಲ್ಲಿ ಹೆಪ್ಪುಗಟ್ಟಿದ ನೆಲದಿಂದ ಕೊರೆದು ತೆಗೆದ, 1,500 ವರ್ಷಗಳಿಗೂ ಹಳೆಯದಾದ ಹಾವಸೆ ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಯಲ್ಲಿ ಕೆಲವೇ ವಾರಗಳಲ್ಲಿ ಚಿಗುರಿದ್ದು 2014ರಲ್ಲಿ ವರದಿಯಾಯಿತು. ಅಂಟಾರ್ಕ್ಟಿಕಾ ಖಂಡದಲ್ಲಿ ಹಾವಸೆಯ ಬೀಜಕಧಾನಿ ಕಾಣುವುದು ಅತಿ ವಿರಳ, ಆದರೂ ಅಲ್ಲಿ ಹಾವಸೆ ಇದೆ.

ಆದರೆ ಚೂರಿನಿಂದ ಹುಟ್ಟಿದ್ದು ಮೂಲ ಗಿಡದ ಪ್ರತಿಯೇ ಆಗಿರುತ್ತದೆ, ಅದು ಸೇರುವ ದೂರವೂ ಕಡಿಮೆ. ಕಾಡ್ಗಿಚ್ಚು ಸುಟ್ಟ ನೆಲದಂಥ ತಾತ್ಕಾಲಿಕ ತಾವನ್ನು ಹುಡುಕಿ ಹೋಗಲು ಬೀಜಕವೇ ಬೇಕು. ಬೂದಿಯ ಮೇಲೆ ಮೊದಲು ಬರುವ ಹಸಿರುಗಳಲ್ಲಿ ಫ್ಯುನೇರಿಯಾ ಒಂದಾಗಿರುವುದು ಅದರ ಅಪಾರ ಬೀಜಕಗಳಿಂದಲೇ. ಒಂದೇ ಗಿಡದ ವೀರ್ಯಾಣು ಅದೇ ಗಿಡದ ಅಂಡಾಣುವನ್ನು ಸೇರಿದಾಗ ಬೀಜಕ ಬಂದರೂ ತಳಿಗುಣದ ಬೆರಕೆ ಆಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಹಾವಸೆಯಲ್ಲಿ ಆ ಎರಡೂ ಕಣಗಳು ತಳಿಗುಣದಲ್ಲಿ ಒಂದೇ ಆಗಿರುತ್ತವೆ. ಹೊಸ ಬೆರಕೆ ಬೇಕಾದರೆ ಬೇರೆ ಗಿಡವೊಂದು ನೀರಿನ ಅಳವಿನಲ್ಲಿ ಇರಲೇಬೇಕು.

ಕಲ್ಲುಹಾಸಿನ ಹಾವಸೆಯ ಬಗ್ಗೆ ಕೇಳಿದವರು ಇದನ್ನು ತಾವೇ ಪರೀಕ್ಷಿಸಬಹುದು. ಅದೇ ಜಾತಿಯದು, ಕಾಯಿ ಬಿಟ್ಟಿರುವುದು ಬೇರೆಲ್ಲಿಯಾದರೂ ಸಿಕ್ಕರೆ, ಅದರಿಂದ ಉಗುರಗಲದ ಒಂದು ತುಣುಕನ್ನು ತಂದು ಹಾಸಿನ ನೆರಳಿರುವ ಸಂದಿನಲ್ಲಿ, ಅಲ್ಲಿನ ಹಾವಸೆಗೆ ತಾಗುವಂತೆ ಒತ್ತಿ ಕೂರಿಸಿ. ಕಾಯಿಗಳಿರುವ ಕಡೆ ಗಂಡು ಹೆಣ್ಣು ಎರಡೂ ಇದ್ದೇ ಇರುತ್ತವೆ, ಆದ್ದರಿಂದ ಅಲ್ಲಲ್ಲಿಂದ ಮೂರು ನಾಲ್ಕು ತುಣುಕುಗಳನ್ನು ತಂದರೆ ಇನ್ನೂ ಒಳ್ಳೆಯದು. ತುಳಿತ ಬೀಳದಂತೆ ನೋಡಿಕೊಂಡು ಒಂದೆರಡು ಮಳೆಗಾಲ ಕಾಯಿರಿ. ಕಡ್ಡಿಗಳು ಎದ್ದರೆ ಅಲ್ಲಿ ಕೊರತೆಯಾಗಿದ್ದದ್ದು ಜೋಡಿಯದು. ಆಗಲೂ ಏಳದಿದ್ದರೆ ಆ ಕಲ್ಲು ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂಬುದನ್ನು ಮಳೆ ನಿಂತ ಮೇಲೆ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ, ಗೋಡೆಯ ಬುಡದ್ದನ್ನೂ ಹಾಗೆಯೇ ಬರೆದು ಎರಡನ್ನೂ ಹೋಲಿಸಿ ನೋಡಿ.